ಏಣಿಯ ಮೇಲಿನ ಬಾಕಿ ಕೂಗು

ಬೆಳಗಿನ ಆರೂಕಾಲು. ಯಾಸ್ನೊವ ಕೊಲ್ಲಿಯ ನೀರಿಗೆ ಇನ್ನೂ ಬಣ್ಣ ಬಂದಿಲ್ಲ. ದಡದ ಬಂಡೆಗೆ ಬುಡ ಊರಿ, ಗಾಳದ ಕೋಲಿನ ಹಾಗೆ ಸಮುದ್ರದ ಮೇಲಕ್ಕೆ ಚಾಚಿಕೊಂಡಿರುವ ಮರದ ಏಣಿಯ ಕೆಳಗೆ ಫುಮಿಕ ಚಪ್ಪಲಿ ಬಿಡುತ್ತಾರೆ. ಮೊದಲು ಎಡಗಾಲಿನದು. ಆಮೇಲೆ ಬಂಡೆಯ ಸಂದಿಯಿಂದ ಮೂರು ಬಿಳಿ ಕಲ್ಲು ಆರಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಳ್ಳುತ್ತಾರೆ. ಮೊದಲ ಮೆಟ್ಟಿಲನ್ನು ಅಂಗೈಯಿಂದ ಎರಡು ಸಲ ತಟ್ಟುತ್ತಾರೆ, ಕರೆಯುವ ಮುಂಚೆ ಹಸುವಿನ ಬೆನ್ನು ತಟ್ಟುವ ಹಾಗೆ. ಹತ್ತಲು ಶುರು ಮಾಡುತ್ತಾರೆ.

ಮೂವತ್ತೊಂದು ಮೆಟ್ಟಿಲು. ಅರವತ್ತನಾಲ್ಕರ ವಯಸ್ಸಿನಲ್ಲಿ ಅವರು ಹತ್ತುವುದು ನಿಧಾನ, ಆದರೆ ಎಲ್ಲೂ ನಿಲ್ಲುವುದಿಲ್ಲ. ತುದಿಯಲ್ಲಿ ಕೂರಲು ಒಂದು ಹಲಗೆ, ಬೆನ್ನಿಗೆ ಒಂದು ಅಡ್ಡಕೋಲು ಇದೆ. ಕಾಲ ಕೆಳಗೆ ಹನ್ನೆರಡು ಮೀಟರು ಗಾಳಿ, ಅದರ ಕೆಳಗೆ ಸಮುದ್ರ. ಕೂತ ಮೇಲೆ ಅವರು ಮಾಡುವ ಮೊದಲ ಕೆಲಸ ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ, ಕಿವಿ ಬಿಟ್ಟು ಮತ್ತೆ ಕಟ್ಟಿಕೊಳ್ಳುವುದು. ಗಾಳಿ ಯಾವ ಕಡೆಯದು ಎಂದು ಕಿವಿಗೇ ಮೊದಲು ಗೊತ್ತಾಗುತ್ತದಂತೆ.

ಕೆಳಗೆ ಕಲ್ಲಿನ ಗೋಡೆಯ ಮೇಲೆ ಕಾಫಿ ಲೋಟ ಹಿಡಿದು ಬೆಪೊ ಕೂತಿದ್ದಾರೆ. ಎಪ್ಪತ್ತೆಂಟು ವರ್ಷ, ಮಂಡಿ ಎರಡೂ ಕೈಕೊಟ್ಟಿವೆ, ಬಾಯಿ ಮಾತ್ರ ಗಟ್ಟಿ. ದಿನಾ ಕೇಳುವುದನ್ನೇ ಇವತ್ತೂ ಕೇಳುತ್ತಾರೆ.

"ಫುಮಿಕ, ಮೇಲಿಂದ ಸ್ವರ್ಗದ ಬಾಗಿಲು ಕಾಯೋ ಸಂತ ಪೇತ್ರ ಕಾಣ್ತಾನಾ?"

"ಕಾಣ್ತಾನೆ. ಬೆಪೊ ಯಾಕೆ ಇನ್ನೂ ಬಂದಿಲ್ಲ ಅಂತ ವಿಚಾರಿಸ್ತಿದ್ದಾನೆ."

ಅಲ್ಲಿಗೆ ಮಾತು ಮುಗಿಯಿತು. ಇನ್ನು ಎಂಟು ಗಂಟೆಯವರೆಗೆ ಏಣಿಯ ಮೇಲಿನವರನ್ನು ಮಾತನಾಡಿಸಬಾರದು. ಊರಿನ ನಾಯಿಗಳಿಗೂ ಅದು ಗೊತ್ತು.

ಫುಮಿಕ ಕಾಯುತ್ತಿರುವುದು ಟ್ಯೂನಾ ಮೀನಿಗೆ. ಮೇ ತಿಂಗಳಿಂದ ಅಕ್ಟೋಬರ್ ಹದಿನೆಂಟರ ಸಂತ ಲೂಕನ ಹಬ್ಬದವರೆಗೆ ದಿನಾ ಬೆಳಿಗ್ಗೆ ಕಾಯುತ್ತಾರೆ. ಈ ಕೊಲ್ಲಿಗೆ ಟ್ಯೂನಾ ಬಂದು ನಲವತ್ತನಾಲ್ಕು ವರ್ಷವಾಯಿತು.

ನಮ್ಮ ಕರಾವಳಿಯ ದಾರಿಯಲ್ಲಿ ಕಾರಿನಲ್ಲಿ ಹೋದವರೆಲ್ಲ ಈ ಏಣಿಯನ್ನು ನೋಡಿರುತ್ತೀರಿ. ತಿರುವಿನಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆದಿರುತ್ತೀರಿ. ಅಂಚೆ ಕಾರ್ಡಿನಲ್ಲಿ, ಆಲಿವ್ ಎಣ್ಣೆಯ ಬಾಟಲಿಯ ಚೀಟಿಯಲ್ಲಿ, ಪ್ರವಾಸಿ ಕಚೇರಿಯ ಗಾಜಿನ ಮೇಲೆ ಅದೇ ಏಣಿ ಇದೆ. ಹಿಂದೆ ಸಂತ ಆಂದ್ರೆಯ ಪುಟ್ಟ ಗುಡಿ, ಬೀಗ ಹಾಕಿದ ಮೀನಿನ ಡಬ್ಬಿ ಕಾರ್ಖಾನೆ, ಅದರ ಮೇಲೆ ದ್ರಾಕ್ಷಿ ಬಳ್ಳಿ ಒಣಗಿ ಬರೀ ಕಲ್ಲುಗೋಡೆ ಉಳಿದಿರುವ ಮೆಟ್ಟಿಲು ಹೊಲಗಳು. ಚಿತ್ರ ಚೆನ್ನಾಗಿಯೇ ಬರುತ್ತದೆ. ತುದಿಯಲ್ಲಿ ಒಂದು ಚುಕ್ಕೆ ಕಾಣುತ್ತದೆ. ಆ ಚುಕ್ಕೆಗೆ ಒಂದು ಹೆಸರಿದೆ, ಸೊಂಟನೋವಿದೆ ಎಂದು ಯಾರಿಗೂ ತೋಚುವುದಿಲ್ಲ.

ಹಿಂದೆ ಕೆಲಸ ಹೀಗೆ ನಡೆಯುತ್ತಿತ್ತು. ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಬಲೆಯನ್ನು ನೀರಿನ ತಳದಲ್ಲಿ ಮಲಗಿಸಿಟ್ಟಿರುತ್ತಿದ್ದರು. ಅದರ ಹಗ್ಗ ಏಣಿಯ ಬುಡದ ಕಬ್ಬಿಣದ ಬಳೆಯ ತನಕ ಬರುತ್ತಿತ್ತು. ಟ್ಯೂನಾ ಹಿಂಡು ಒಳಗೆ ಬಂದದ್ದನ್ನು ಕಂಡ ಕೂಡಲೇ ಮೇಲಿನವರು "ಬಂದವು" ಎಂದು ಮೂರು ಸಲ ಉದ್ದಕ್ಕೆ ಕೂಗಬೇಕು. ಮೊದಲ ಕೂಗಿಗೆ ಊರು ಮನೆ ಬಿಡುತ್ತಿತ್ತು. ಎರಡನೆಯದಕ್ಕೆ ಹಗ್ಗ ಕೈಗೆ ಬರುತ್ತಿತ್ತು. ಮೂರನೆಯದಕ್ಕೆ ಎಲ್ಲರೂ ಎಳೆದರೆ ಬಲೆ ಎದ್ದು ಮೀನಿನ ಹಿಂದೆ ಬಾಗಿಲು ಹಾಕುತ್ತಿತ್ತು. ಮೀನು ತಿರುಗಿ ಓಡದಂತೆ ಅದರ ಬೆನ್ನ ಹಿಂದೆ ಬಿಳಿ ಕಲ್ಲು ಎಸೆಯುವುದೂ ಮೇಲಿನವರದೇ ಕೆಲಸ. ಹಗ್ಗ ಹಿಡಿದವರು, ಮೇಲಿನಿಂದ "ಬಿಡಿ" ಎನ್ನುವವರೆಗೆ ಬಿಡುವಂತಿಲ್ಲ. ಪಾದ್ರಿಯಾದರೂ ಬಿಡುವಂತಿಲ್ಲ.

ತಪ್ಪು ಕೂಗಿಗೂ ಒಂದು ಕಟ್ಟುಪಾಡಿತ್ತು. ಮೋಡದ ನೆರಳನ್ನು ಮೀನೆಂದು ಕೂಗಿದವರು ಹಗ್ಗ ಹಿಡಿದ ಅಷ್ಟೂ ಜನಕ್ಕೆ ವೈನ್ ಕೊಡಬೇಕು. ಅದಕ್ಕಿಂತ ದೊಡ್ಡದು ಇನ್ನೊಂದು: ನಿಜದ ಕೂಗು ಕೂಗಿ ಆ ತಪ್ಪನ್ನು ತೀರಿಸುವ ತನಕ ಅವರು ಏಣಿ ಬಿಟ್ಟು ಹೋಗುವ ಹಾಗಿಲ್ಲ. ಏಣಿಯನ್ನು ಬೇರೆಯವರಿಗೆ ದಾಟಿಸುವ ಹಾಗೂ ಇಲ್ಲ. ಕೂಗನ್ನು ಕೂಗೇ ತೀರಿಸಬೇಕು ಎಂದು ಇಲ್ಲಿಯ ಮಾತು.

ಫುಮಿಕ ಅವರದು ಒಂದು ಕೂಗು ಬಾಕಿ ಇದೆ.

ಅವರ ಅಪ್ಪ ಮಿಕುಲ ಇಪ್ಪತ್ತಾರು ವರ್ಷ ಏಣಿ ಹತ್ತಿದವರು. ಗೋಡೆಯ ಕಲ್ಲು ಜಾರಿ ಸೊಂಟ ಮುರಿದುಕೊಂಡಾಗ ಗಂಡುಮಕ್ಕಳಿಬ್ಬರೂ ಹಡಗು ಕಟ್ಟುವ ಕೆಲಸಕ್ಕೆ ಸೇರಿಯಾಗಿತ್ತು. ಉಳಿದವಳು ಹತ್ತೊಂಬತ್ತರ ಮಗಳು, ಡಬ್ಬಿ ಕಾರ್ಖಾನೆಯಲ್ಲಿ ಸಾರ್ಡೀನ್ ಮೀನಿನ ತಲೆ ತೆಗೆಯುತ್ತಿದ್ದಳು. ಹೆಂಗಸು ಏಣಿ ಹತ್ತಿದರೆ ಮೀನು ನಗುತ್ತದೆ ಎಂದರಂತೆ ಊರಿನವರು. ನಗುವ ಮೀನು ನಿಧಾನಕ್ಕೆ ಈಜುತ್ತದೆ, ಹಿಡಿಯೋದು ಸುಲಭ ಎಂದರಂತೆ ಮಿಕುಲ.

ಕಲಿಸಿದ್ದು ಅಪ್ಪನೇ. ನೀರನ್ನು ದಿಟ್ಟಿಸಬಾರದು, ದಿಟ್ಟಿಸಿದರೆ ಬೇಕಾದ್ದೆಲ್ಲ ಕಾಣುತ್ತದೆ. ಸುಮ್ಮನೆ ಕಣ್ಣು ಬಿಟ್ಟುಕೊಂಡಿರಬೇಕು, ಹಾಲು ಒಲೆಯ ಮೇಲಿಟ್ಟು ಬೇರೆ ಏನೋ ಯೋಚಿಸುವವರ ಹಾಗೆ. ನೀರಿನಲ್ಲಿ ಒಂದು ಕಪ್ಪು ಛಾಯೆ ಒಳಗೆ ಬಂದರೆ ಮೊದಲು ಗಾಳಿಯನ್ನು ಕೇಳಬೇಕು. ಮೋಡದ ನೆರಳು ಗಾಳಿಯ ಜೊತೆ ಹೋಗುತ್ತದೆ. ಟ್ಯೂನಾ ಗಾಳಿಗೆ ಎದುರಾಗಿ ಬರುತ್ತದೆ. ಗಾಳಿಯ ಜೊತೆ ಹೋಗುವುದಕ್ಕೆ ಕೂಗಬೇಡ.

ಎಂಬತ್ತೊಂದರ ಸೆಪ್ಟೆಂಬರಿನ ಮೊದಲ ವಾರ ಅವರು ತಪ್ಪಿ ಕೂಗಿದರು. ಹೊಸಬರ ಅವಸರ. ಊರಿಗೆ ಊರೇ ಓಡಿ ಬಂತು. ಅವತ್ತು ಬೆಪೊ ಅವರ ಮದುವೆ. ಕ್ಷೌರ ಮಾಡಿಸಿಕೊಳ್ಳುತ್ತಿದ್ದವರು ಅರ್ಧ ಗಡ್ಡದಲ್ಲಿ ಓಡಿಬಂದು ಹಗ್ಗ ಹಿಡಿದರು. ಬಲೆ ಎದ್ದಾಗ ಒಳಗಿದ್ದದ್ದು ಒಂದು ಹಳೆಯ ಬುಟ್ಟಿ.

"ಗುಡಿ ಒಳಗೆ ಪಾದ್ರಿ 'ಒಪ್ಪಿಗೆಯಾ' ಅಂತ ಕೇಳಿದ್ರೆ ನನ್ನ ಹೆಂಡತಿ 'ಬುಟ್ಟಿ ಹಿಡಿದವರನ್ನ ಒಪ್ಕೊಳ್ಳೋದಾ' ಅಂದ್ಲು. ಫೋಟೋದಲ್ಲೂ ನಾನು ಎಡಗೆನ್ನೆ ತಿರುಗಿಸಿಕೊಂಡೇ ನಿಂತಿದ್ದೀನಿ" ಎನ್ನುತ್ತಾರೆ ಬೆಪೊ. ಈ ಕತೆಯನ್ನು ಅವರು ಎಷ್ಟು ಸಲ ಹೇಳಿದ್ದಾರೆಂದು ಅವರಿಗೇ ತಿಳಿಯದು. ಫುಮಿಕ ಪ್ರತಿ ಸಲವೂ ನಗುತ್ತಾರೆ. ಅದರ ಮುಂದಿನ ಕತೆಯನ್ನು ಬೆಪೊ ಹೇಳುವುದಿಲ್ಲ. ಅದನ್ನು ಫುಮಿಕ, ಪತ್ರಿಕೆಗೆ ಬರೆಯಲು ಬಂದಿದ್ದ ನನಗೆ ಎರಡನೆಯ ದಿನ, ಕೆಳಗಿಳಿದು ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು.

ತಪ್ಪು ಕೂಗಿನ ಒಂಬತ್ತನೆಯ ದಿನ. ತೆಂಕಣದ ಯುಗೊ ಗಾಳಿ ಸಮುದ್ರದಿಂದ ನೇರವಾಗಿ ಕೊಲ್ಲಿಯೊಳಗೆ ನುಗ್ಗುತ್ತಿತ್ತು. ಕೊಲ್ಲಿಯ ಬಾಯಿಯಲ್ಲಿ ಒಂದು ಕಪ್ಪು ಕಾಣಿಸಿತು. ಗಾಳಿಯ ಜೊತೆಗೇ, ಗಾಳಿಯ ವೇಗದಲ್ಲೇ ಒಳಗೆ ಬಂತು. ತಲೆಯೆತ್ತಿ ನೋಡಿದರೆ ಮೇಲೆ ಒಂದು ಮೋಡವೂ ಇತ್ತು. ಕೆಳಗೆ ಅಪ್ಪ ಒಂದು ಕೈ ಹಗ್ಗದ ಮೇಲಿಟ್ಟು ಇವರನ್ನೇ ನೋಡುತ್ತಿದ್ದರು. ಊರಿನಲ್ಲಿ ಇನ್ನೂ ಬುಟ್ಟಿಯ ನಗು ಆರಿರಲಿಲ್ಲ. ಗಾಳಿಯ ಜೊತೆ ಹೋಗುವುದಕ್ಕೆ ಕೂಗಬೇಡ. ಫುಮಿಕ ಕೂಗಲಿಲ್ಲ.

"ಆ ಕಪ್ಪು ಕಾರ್ಖಾನೆ ಗೋಡೆಗುಂಟ ಒಂದು ಸುತ್ತು ಬಂತು. ನನ್ನ ಕಾಲ ಕೆಳಗೇ ಬಂತು. ಅಲ್ಲಿ ತಿರುಗ್ತು ನೋಡು. ತಿರುಗುವಾಗ ಹೊಟ್ಟೆ ಬೆಳ್ಳಗೆ ಹೊಳೀತು. ಒಂದಾದ ಮೇಲೊಂದು, ಒಂದಾದ ಮೇಲೊಂದು. ಯಾರೋ ನೀರೊಳಗೆ ತಟ್ಟೆ ತೊಳೀತಿದ್ದ ಹಾಗೆ. ನನ್ನ ಬಾಯಿ ತೆರೆದಿತ್ತು, ಸದ್ದು ಬರಲಿಲ್ಲ. ಸದ್ದು ಬರೋ ಹೊತ್ತಿಗೆ ಅವು ಕೊಲ್ಲಿಯ ಬಾಯಿ ದಾಟಿ ಆಚೆ ಹೋಗಿದ್ವು."

ಎಷ್ಟಿದ್ದವು ಎಂದು ಕೇಳಿದೆ. ಎಣಿಸಲಿಲ್ಲ ಎಂದರು. ಎಣಿಸುವುದು ಹಿಡಿದವರ ಕೆಲಸ.

ರಾತ್ರಿ ಊಟಕ್ಕೆ ಕೂತಾಗ ಮಿಕುಲ ಕೇಳಿದ್ದು ಒಂದೇ ಮಾತು, ಮೋಡವಾ ಎಂದು. ಮಗಳು ಅಲ್ಲ ಎಂದಳು. ಅವರು ರೊಟ್ಟಿ ಮುರಿದು ದೊಡ್ಡ ತುಂಡನ್ನು ಮಗಳ ಕಡೆ ತಳ್ಳಿ, "ಮುಂದಿನ ಸಲ ಕೂಗು" ಎಂದರು. ಆಮೇಲೆ ಆ ಮಾತು ಮನೆಯಲ್ಲಿ ಬರಲಿಲ್ಲ.

ಮುಂದಿನ ಸಲವೂ ಬರಲಿಲ್ಲ. ಮರುವರ್ಷ ಟ್ಯೂನಾ ಇಲ್ಲ. ಅದರ ಮರುವರ್ಷವೂ ಇಲ್ಲ. ಹೊರಸಮುದ್ರದಲ್ಲೇ ದೊಡ್ಡ ಹಡಗುಗಳು ಬಳಿದುಕೊಳ್ಳುತ್ತಿವೆ ಎಂದರು ಕೆಲವರು. ಕಾರ್ಖಾನೆಯ ಕೊಳಕು ನೀರಿಗೆ ಹೆದರಿವೆ ಎಂದರು ಕೆಲವರು. ಎಂಬತ್ತೆಂಟರ ಫೆಬ್ರುವರಿಯಲ್ಲಿ ಮಿಕುಲ ತೀರಿಕೊಂಡರು. ಕಾರ್ಖಾನೆ ಮುಚ್ಚಿತು. ಬಲೆಯ ಒಳ್ಳೆಯ ಭಾಗ ಪಟ್ಟಣದ ಒಂದು ಊಟದ ಮನೆಯ ಛಾವಣಿಗೆ ಅಲಂಕಾರವಾಯಿತು, ಅದರೊಳಗೆ ಪ್ಲಾಸ್ಟಿಕ್ಕಿನ ಏಡಿ ಕೂರಿಸಿದ್ದಾರೆ. ಸುತ್ತಲಿನ ಕೊಲ್ಲಿಗಳ ಏಣಿಗಳು ಒಂದೊಂದಾಗಿ ಬಿದ್ದವು, ಬಿದ್ದವನ್ನು ಒಲೆಗೆ ಹಾಕಿದರು.

ಯಾಸ್ನೊವದ ಏಣಿ ಬೀಳಲಿಲ್ಲ. ಕಾರಣ ಇಬ್ಬರು. ಒಬ್ಬರು ಫುಮಿಕ. ಇನ್ನೊಬ್ಬರು ಅವರ ಗಂಡ ಝ್ವಾನೆ, ಮೊದಲು ಕರೆಂಟಿನ ಕಂಬ ಹತ್ತುತ್ತಿದ್ದವರು, ಈಗ ನಿವೃತ್ತರು. ಏಣಿಯ ಎರಡು ಉದ್ದ ಪೈನ್ ಮರಗಳನ್ನು ಈ ದಂಪತಿ ಇದುವರೆಗೆ ನಾಲ್ಕು ಸಲ ಬದಲಾಯಿಸಿದ್ದಾರೆ. ಜನವರಿಯಲ್ಲಿ, ಚಂದ್ರ ಕರಗುತ್ತಿರುವಾಗ, ಗುಡ್ಡದ ಬಡಗಣ ಮಗ್ಗುಲಿನಲ್ಲಿ ಕಡಿದ ಮರವೇ ಆಗಬೇಕು, ಇಲ್ಲದಿದ್ದರೆ ಹುಳ ಹಿಡಿಯುತ್ತದೆ. ಮೆಟ್ಟಿಲಿಗೆ ಆಶ್ ಮರ. ವರ್ಷಕ್ಕೆರಡು ಸಲ ಬೇಯಿಸಿದ ಅಗಸೆ ಎಣ್ಣೆ. ಬುರ ಗಾಳಿ ಗುಡ್ಡದಿಂದ ಇಳಿದು ಮೂರು ದಿನ ಹೊಡೆದರೆ ನಾಲ್ಕನೆಯ ದಿನ ಝ್ವಾನೆ ಒಂದೊಂದು ಮೆಟ್ಟಿಲನ್ನೂ ಸುತ್ತಿಗೆಯಿಂದ ತಟ್ಟಿ ಅದರ ಸದ್ದು ಕೇಳಿಕೊಂಡು ಹತ್ತುತ್ತಾರೆ.

"ನನ್ನ ಹೆಂಡತಿಗೆ ಇನ್ನೊಬ್ಬ ಗಂಡ ಇದ್ದಾನೆ. ಮರದವನು. ಬೆಳಿಗ್ಗೆ ಎದ್ದ ತಕ್ಷಣ ಅವನ ಹತ್ರ ಹೋಗ್ತಾಳೆ. ಅವನ ಹಲ್ಲು ಕಟ್ಟೋದು ಮಾತ್ರ ನಾನು" ಎನ್ನುತ್ತಾರೆ ಝ್ವಾನೆ. ಮೂವತ್ತೆಂಟು ವರ್ಷದಿಂದ ಬೇಸಿಗೆಯಲ್ಲಿ ಅವರು ಬೆಳಗಿನ ತಿಂಡಿ ಒಬ್ಬರೇ ತಿನ್ನುತ್ತಾರೆ.

ಎಂಟಕ್ಕೆ ಫುಮಿಕ ಇಳಿಯುತ್ತಾರೆ. ಮನೆಗೆ ಹೋಗಿ ಹಾಲಿನಲ್ಲಿ ಅದ್ದಿದ ರೊಟ್ಟಿ ತಿಂದು, ಪ್ರವಾಸಿ ಕಚೇರಿ ಕೊಟ್ಟಿರುವ ನೀಲಿ ಪಟ್ಟೆಯ ಅಂಗಿ ಹಾಕಿಕೊಂಡು ಹತ್ತಕ್ಕೆ ಮತ್ತೆ ಹತ್ತುತ್ತಾರೆ. ಹತ್ತರಿಂದ ಹನ್ನೆರಡರವರೆಗೆ ಕೂರುವುದಕ್ಕೆ ಸಂಬಳವಿದೆ. ಅದು ಫೋಟೋದವರ ಹೊತ್ತು. ಮಧ್ಯಾಹ್ನ ಬಾಡಿಗೆ ಕೋಣೆಗಳ ಹಾಸಿಗೆ ಬದಲಾಯಿಸುವ ಕೆಲಸ, ದಿನಕ್ಕೆ ಹದಿನಾಲ್ಕು ಹಾಸಿಗೆ. ಬೆಳಗಿನ ಪಾಳಿಗೆ ಯಾರೂ ಏನೂ ಕೊಡುವುದಿಲ್ಲ, ಅವರು ಕೇಳಿದ್ದೂ ಇಲ್ಲ.

"ಹತ್ತು ಗಂಟೆಗೆ ಟ್ಯೂನಾ ಬರುತ್ತಾ? ಹತ್ತು ಗಂಟೆಗೆ ಬರೋದು ಜರ್ಮನಿಯವರು" ಎನ್ನುತ್ತಾರೆ. ಒಬ್ಬ ಪ್ರವಾಸಿ ಇದು ನೀರಿಗೆ ಹಾರುವ ಏಣಿಯೇ ಎಂದು ಕೇಳಿದ್ದನಂತೆ. ಹೌದು, ಆದರೆ ಒಂದೇ ಸಲ ಹಾರಬಹುದು ಎಂದರಂತೆ ಇವರು, ನೀರಡಿಯ ಬಂಡೆ ತೋರಿಸಿ.

ಈಚೆಗೆ ಹೊರಸಮುದ್ರದಲ್ಲಿ ಟ್ಯೂನಾ ಮತ್ತೆ ಹೆಚ್ಚಿವೆ ಎಂದು ದೋಣಿಯವರು ಹೇಳುತ್ತಾರೆ. ಕೊಲ್ಲಿಯ ನೀರೂ ಕಾರ್ಖಾನೆ ನಿಂತ ಮೇಲೆ ತಿಳಿಯಾಗಿದೆ. ಆದರೂ ಬಂದರೆ ಏನು ಮಾಡುತ್ತೀರಿ, ಬಲೆಯಿಲ್ಲ, ಹಿಡಿಯಲು ಅನುಮತಿ ಇಲ್ಲ ಎಂದು ಕೇಳಿದೆ.

"ಹಿಡಿಯೋದು ಯಾವತ್ತೂ ನನ್ನ ಕೆಲಸ ಆಗಿರಲಿಲ್ಲ. ಬಂದಿವೆ ಅಂತ ಹೇಳೋದು ನನ್ನ ಕೆಲಸ."

ಅದಕ್ಕೆ ಈಗ ಹೆಚ್ಚು ದಿನ ಉಳಿದಿಲ್ಲ. ಸಂತ ಲೂಕನ ಹಬ್ಬದ ಮರುವಾರ ಏಣಿಯನ್ನು ಬಿಚ್ಚಿ ಪಟ್ಟಣಕ್ಕೆ ಒಯ್ಯುತ್ತಾರೆ. ಅಲ್ಲಿ ಕಾರು ನಿಲ್ಲಿಸುವ ಜಾಗದ ಮುಂದೆ ಹುಲ್ಲು ಬೆಳೆಸಿದ್ದಾರೆ, ಅದರ ನಡುವೆ ನಿಲ್ಲಿಸಿ ಪಕ್ಕದಲ್ಲಿ ನಾಲ್ಕು ಭಾಷೆಯ ಫಲಕ ಹಾಕುತ್ತಾರೆ. ಹತ್ತುವಂತಿಲ್ಲ, ಸುತ್ತ ಸರಪಳಿ ಇರುತ್ತದೆ. ಪ್ರವಾಸಿ ಕಚೇರಿಯ ನೆವೆನ್ಕ ಕೆಟ್ಟವರಲ್ಲ, ಈ ಊರಿನ ಮೊಮ್ಮಗಳೇ. ಏಣಿಯ ಬುಡದ ಬಂಡೆ ಬಿರುಕು ಬಿಟ್ಟಿದೆ, ರಸ್ತೆಯ ತಿರುವಿನಲ್ಲಿ ಗಾಡಿಗಳು ನಿಂತು ಎರಡು ಸಲ ಅಪಘಾತವಾಗಿದೆ. ಅವರು ಹೇಳುವುದರಲ್ಲೂ ನ್ಯಾಯವಿದೆ. ಫುಮಿಕ ಅವರ ಮನೆಗೇ ಬಂದು, ಟೆಟ, ನಾವು ಅದನ್ನು ಉಳಿಸುವುದಕ್ಕೇ ಒಯ್ಯುತ್ತಿರುವುದು ಎಂದು ತಿಳಿಹೇಳಿದ್ದಾರೆ. ಊರಿನ ಹಿರಿಯ ಹೆಂಗಸರೆಲ್ಲ ಇಲ್ಲಿ ಎಲ್ಲರಿಗೂ ಟೆಟ, ಚಿಕ್ಕಮ್ಮ. ಟೆಟ ಆಕೆಗೆ ಅಂಜೂರದ ತಟ್ಟೆ ಮುಂದಿಟ್ಟು ಒಂದೇ ಪ್ರಶ್ನೆ ಕೇಳಿದರಂತೆ: "ಹುಲ್ಲಿನ ಮೇಲೆ ನಿಂತು ಅದು ಏನು ನೋಡಬೇಕು, ಮಗಳೇ?"

ನಾನು ಹೋದ ಮೂರನೆಯ ಬೆಳಿಗ್ಗೆ ಅಕ್ಟೋಬರ್ ಏಳು. ರಾತ್ರಿಯಿಂದಲೇ ಯುಗೊ ಬೀಸುತ್ತಿದೆ. ಬಟ್ಟೆ, ರೊಟ್ಟಿ, ಬೆಂಕಿಕಡ್ಡಿ ಎಲ್ಲವೂ ತೇವ. ಫುಮಿಕ ಆರೂಕಾಲಕ್ಕೆ ಹತ್ತಿ ಕೂತಿದ್ದಾರೆ. ಕೆಳಗೆ ಝ್ವಾನೆ ಹೊಸ ಆಶ್ ಮರದ ಮೆಟ್ಟಿಲೊಂದನ್ನು ತೊಡೆಯ ಮೇಲಿಟ್ಟುಕೊಂಡು ಹೆರೆಯುತ್ತಿದ್ದಾರೆ. ಏಳನೆಯ ಮೆಟ್ಟಿಲಿನ ಸದ್ದು ಸರಿಯಿಲ್ಲವಂತೆ. ಇನ್ನು ಎರಡು ವಾರಕ್ಕೆ ಬಿಚ್ಚುವ ಏಣಿಗೆ ಹೊಸ ಮೆಟ್ಟಿಲು ಯಾಕೆ ಎಂದು ಬೆಪೊ ಕೆಣಕುತ್ತಾರೆ.

"ಎರಡು ವಾರ ಅವಳು ಹತ್ತಬೇಕಲ್ಲ" ಎನ್ನುತ್ತಾರೆ ಝ್ವಾನೆ, ತಲೆಯೆತ್ತದೆ.

ಏಳೂವರೆಗೆ ಕಚೇರಿಯ ಗಾಡಿ ಬರುತ್ತದೆ. ನೆವೆನ್ಕ ಇಳಿಯುತ್ತಾರೆ, ಜೊತೆಗೆ ಇಬ್ಬರು ಕೆಲಸಗಾರರು. ಏಣಿ ಯಾವ ಲಾರಿಗೆ ಹಿಡಿಸುತ್ತದೆ ಎಂದು ಅಳತೆ ಮಾಡಬೇಕಂತೆ. ಎಂಟರವರೆಗೆ ಮುಟ್ಟಬಾರದು ಎನ್ನುತ್ತಾರೆ ಬೆಪೊ. ನೆವೆನ್ಕ ಗೋಡೆಯ ಮೇಲೆ ಕೂತು ಕಾಯುತ್ತಾರೆ, ಅಳತೆ ಪಟ್ಟಿ ಮಡಿಲಲ್ಲಿ. ಅಲೆ ಬಂಡೆಗೆ ಬಡಿಯುವುದು, ಝ್ವಾನೆ ಮರ ಹೆರೆಯುವುದು, ಅಷ್ಟೇ ಸದ್ದು.

ಕೊಲ್ಲಿಯ ಬಾಯಿಯಲ್ಲಿ ನೀರು ಕಪ್ಪಾಗುತ್ತದೆ.

ನಮಗೆ ಕೆಳಗಿನಿಂದ ಅದು ಒಂದು ಗೆರೆಯಷ್ಟೇ. ಮೇಲೆ ಫುಮಿಕ ಅವರ ಬೆನ್ನು ನೇರವಾಗಿದ್ದು ಮೊದಲು ಕಾಣುತ್ತದೆ. ಗೆರೆ ಅಗಲವಾಗುತ್ತದೆ, ಒಳಗೆ ಬರುತ್ತದೆ. ಗಾಳಿಯ ಜೊತೆಗೇ, ಗಾಳಿಯ ವೇಗದಲ್ಲೇ ಬರುತ್ತದೆ. ಝ್ವಾನೆಯ ಕೈ ನಿಲ್ಲುತ್ತದೆ. ಬೆಪೊ ಲೋಟ ಕೆಳಗಿಡುತ್ತಾರೆ. ನಾನು ಆಕಾಶ ನೋಡುತ್ತೇನೆ. ಮೋಡಗಳಿವೆ.

ಆಮೇಲೆ ಆ ಕೂಗು.

"ಬಂದವು..."

ಅರವತ್ತನಾಲ್ಕು ವರ್ಷದ ಗಂಟಲಲ್ಲ ಅದು. ಕಾರ್ಖಾನೆಯ ಖಾಲಿ ಗೋಡೆಗೆ ಬಡಿದು, ಕಲ್ಲಿನ ಹೊಲಗಳಿಗೆ ಬಡಿದು ತಿರುಗಿ ಬರುತ್ತದೆ. ಒಂದು ಹಸಿರು ಕಿಟಕಿ ತೆರೆಯುತ್ತದೆ. ಇನ್ನೊಂದು ತೆರೆಯುತ್ತದೆ. ಎರಡನೆಯ ಕೂಗಿಗೆ, ಎರಡೂ ಮಂಡಿ ಹೋದ ಬೆಪೊ ಎಲ್ಲರಿಗಿಂತ ಮೊದಲು ಕಬ್ಬಿಣದ ಬಳೆಯ ಹತ್ತಿರ ಇದ್ದಾರೆ, ಹಗ್ಗ ಕೈಯಲ್ಲಿದೆ. ಪ್ರವಾಸಿಗಳಿಗೆ ತೋರಿಸಲೆಂದು ಇಟ್ಟಿರುವ ಹಳೆಯ ಹಗ್ಗ ಅದು, ಇನ್ನೊಂದು ತುದಿ ನೀರಿನಲ್ಲಿ ಒಂದು ತೇಲುಗುಂಡಿಗೆ ಕಟ್ಟಿದೆ, ಅಷ್ಟೇ. ರೊಟ್ಟಿ ಅಂಗಡಿಯ ಹೆಂಗಸು ಕೈಯ ಹಿಟ್ಟಿನೊಂದಿಗೇ ಬರುತ್ತಾಳೆ. ರಾತ್ರಿಯ ಅಂಗಿಯಲ್ಲೇ ಶಾಲೆಯ ಮೇಷ್ಟ್ರು ಬರುತ್ತಾರೆ. ಮನೆಮನೆಯಿಂದ ಇಳಿದು ಬರುತ್ತಾರೆ, ಯಾರೂ ಏನು ಎತ್ತ ಎಂದು ಕೇಳುವುದಿಲ್ಲ. ಝ್ವಾನೆ, ಕಚೇರಿಯ ಇಬ್ಬರು ಕೆಲಸಗಾರರು, ನಾನು. ನೆವೆನ್ಕ ಎತ್ತರ ಹಿಮ್ಮಡಿಯ ಬೂಟು ಒದ್ದು ಬಿಸಾಡಿ ನನ್ನ ಹಿಂದೆ ಹಗ್ಗ ಹಿಡಿಯುತ್ತಾರೆ. ಒಟ್ಟು ಹದಿನಾರು ಜನ. ಒದ್ದೆ ಹಗ್ಗ ಅಂಗೈಗೆ ತಣ್ಣಗೆ ಹತ್ತುತ್ತದೆ.

ಮೂರನೆಯ ಕೂಗು. ಎಳೆಯುತ್ತೇವೆ. ಮೇಲಿನಿಂದ ಒಂದು ಬಿಳಿ ಕಲ್ಲು ಹಾರಿ ಕಪ್ಪಿನ ಬೆನ್ನ ಹಿಂದೆ ಬೀಳುತ್ತದೆ. ಇನ್ನೊಂದು ಬೀಳುತ್ತದೆ. ಕಪ್ಪು ಬೆದರುವುದಿಲ್ಲ, ತಿರುಗುವುದಿಲ್ಲ. ಕಾರ್ಖಾನೆಯ ಗೋಡೆಗುಂಟ ಸುತ್ತುವುದಿಲ್ಲ. ನೇರವಾಗಿ ನಮ್ಮ ಕಡೆಗೆ ಬಂದು, ನಮ್ಮ ಮೇಲೆ ಒಂದು ಕ್ಷಣ ತಂಪಾಗಿ ನಿಂತು, ನೀರಿನಿಂದ ಎದ್ದು ಗೋಡೆ ಹತ್ತುತ್ತದೆ. ಗುಡಿಯ ಚಾವಣಿಯ ಮೇಲೆ ಹಾಯುತ್ತದೆ. ದ್ರಾಕ್ಷಿ ಬೆಳೆಯುತ್ತಿದ್ದ ಮೆಟ್ಟಿಲು ಹೊಲಗಳನ್ನು ಒಂದೊಂದಾಗಿ ಏರಿ ಗುಡ್ಡದಾಚೆ ಹೋಗುತ್ತದೆ. ಮೀನು ಗುಡ್ಡ ಹತ್ತುವುದಿಲ್ಲ. ಎಲ್ಲರೂ ನೋಡಿದ್ದೇವೆ.

ಯಾರೂ ಹಗ್ಗ ಬಿಡುವುದಿಲ್ಲ. ಬಿಡಿ ಎಂದು ಮೇಲಿನಿಂದ ಇನ್ನೂ ಬಂದಿಲ್ಲ. ಫುಮಿಕ ಖಾಲಿ ನೀರನ್ನು ನೋಡುತ್ತಾ ಕೂತಿದ್ದಾರೆ. ಆಮೇಲೆ ಕೆಳಗೆ ನೋಡುತ್ತಾರೆ, ಹಗ್ಗದ ಗುಂಟ ಬೆಪೊ ಅವರಿಂದ ನೆವೆನ್ಕ ತನಕ ಒಬ್ಬೊಬ್ಬರನ್ನೂ ನೋಡುತ್ತಾರೆ. ಅವರಿಗೆ ಅವಸರವಿಲ್ಲ. ಕಚೇರಿಯ ಒಬ್ಬ ಕೆಲಸಗಾರ ಏನೋ ಕೇಳಲು ಬಾಯಿ ತೆರೆಯುತ್ತಾನೆ, ರೊಟ್ಟಿ ಅಂಗಡಿಯವಳು ಅವನ ಕಾಲು ತುಳಿಯುತ್ತಾಳೆ.

"ಬಿಡಿ" ಎನ್ನುತ್ತಾರೆ ಫುಮಿಕ, ಮೆಲ್ಲಗೆ. ಕೇಳಿಸುತ್ತದೆ.

ಹದಿನಾರು ಜೊತೆ ಕೈಗಳು ಹಗ್ಗವನ್ನು ಕೆಳಗಿಡುತ್ತವೆ. ಬೆಪೊ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮೇಲೆ ನೋಡಿ ಕೇಳುತ್ತಾರೆ: "ವೈನ್ ಬಿಳೀದಾ, ಕೆಂಪಾ?"

"ನಿನಗೆ ಬುಟ್ಟಿ" ಎನ್ನುತ್ತಾರೆ ಫುಮಿಕ.

ಬೆಳಗಿನ ಎಂಟು ಗಂಟೆಗೆ ಗೋಡೆಯ ಮೇಲೆ ಝ್ವಾನೆಯ ನೆಲಮಾಳಿಗೆಯ ಕೆಂಪು ವೈನ್ ಬರುತ್ತದೆ. ರೊಟ್ಟಿ ಅಂಗಡಿಯ ಬಿಸಿ ರೊಟ್ಟಿ, ಉಪ್ಪು ಹಾಕಿದ ಸಾರ್ಡೀನ್ ಬರುತ್ತದೆ. ಕೆಲಸಗಾರರು ಡ್ರೈವರ್ ನಾನಲ್ಲ, ನೀನು ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಇಬ್ಬರೂ ಕುಡಿಯುತ್ತಾರೆ. ಮೇಷ್ಟ್ರು, ತನ್ನ ಅಜ್ಜ ಹಗ್ಗ ಹಿಡಿಯುತ್ತಿದ್ದ ಜಾಗ ಇದೇ ಎಂದು ಕಾಲಿನಿಂದ ಗೆರೆ ಎಳೆದು ತೋರಿಸುತ್ತಾರೆ. ಅದಲ್ಲ, ಅವನು ನನ್ನ ಹಿಂದೆ ಇರುತ್ತಿದ್ದ ಎಂದು ಬೆಪೊ ಅವರನ್ನು ಎರಡು ಹೆಜ್ಜೆ ಹಿಂದೆ ಸರಿಸುತ್ತಾರೆ. ಮೇಷ್ಟ್ರು ಸರಿದು ನಿಲ್ಲುತ್ತಾರೆ. ಅಳತೆ ಪಟ್ಟಿ ಗೋಡೆಯ ಮೇಲೆ ಮರೆತುಹೋಗಿದೆ.

ಎಲ್ಲರಿಗೂ ಬಡಿಸಿದ ಮೇಲೆ ಫುಮಿಕ ನನ್ನ ಪಕ್ಕ ಕೂತು ಚಪ್ಪಲಿ ಹಾಕಿಕೊಳ್ಳುತ್ತಾರೆ. ಮೋಡ ಎಂದು ಗೊತ್ತಿತ್ತಲ್ಲವೇ ಎಂದು ನಾನು ಕೇಳುತ್ತೇನೆ. ಗಾಳಿಯ ಜೊತೆ ಬರುತ್ತಿತ್ತು, ಮೇಲೆ ಮೋಡವೂ ಇತ್ತು.

"ಅವತ್ತೂ ಮೋಡ ಅಂತಲೇ ಗೊತ್ತಿತ್ತು" ಎನ್ನುತ್ತಾರೆ.

ಅತ್ತ ಬೆಪೊ ನೆವೆನ್ಕ ಅವರಿಗೆ ಕಟ್ಟುಪಾಡು ವಿವರಿಸುತ್ತಿದ್ದಾರೆ. ವೈನ್ ಕುಡಿದಾಯಿತು, ಅರ್ಧ ಮುಗಿಯಿತು. ಉಳಿದರ್ಧ ಏನೆಂದರೆ, ತಪ್ಪಿ ಕೂಗಿದವಳು ತೀರಿಸುವ ತನಕ ಏಣಿ ಬಿಡುವ ಹಾಗಿಲ್ಲ. ಮಿಕುಲನ ಕಾಲದಿಂದ, ಮಿಕುಲನ ಅಜ್ಜನ ಕಾಲದಿಂದ ಹೀಗೇ. ಇದು ಕಚೇರಿಯ ಕಾಗದದಲ್ಲಿ ಇಲ್ಲ ಎನ್ನುತ್ತಾರೆ ನೆವೆನ್ಕ. ನಿನ್ನ ಅಂಗೈಯಲ್ಲಿ ಇದೆ, ನೋಡಿಕೋ ಎನ್ನುತ್ತಾರೆ ಬೆಪೊ. ನೆವೆನ್ಕ ನಗುತ್ತಾರೆ, ಹಗ್ಗದ ಕೆಂಪು ಗೆರೆ ಮೂಡಿದ ಅಂಗೈ ನೋಡಿಕೊಳ್ಳುತ್ತಾರೆ, ನಗು ನಿಲ್ಲಿಸುತ್ತಾರೆ. ಏನೂ ಮಾತು ಕೊಡುವುದಿಲ್ಲ. ಬಂಡೆಯ ಬಿರುಕಿಗೆ ಸಿಮೆಂಟು ತುಂಬಿದರೆ ಎಷ್ಟು ವರ್ಷ ತಡೆಯುತ್ತದೆ ಎಂದು ಮಾತ್ರ ಝ್ವಾನೆಯನ್ನು ಕೇಳುತ್ತಾರೆ. ಅವತ್ತು ಏಣಿಯ ಅಳತೆ ಆಗುವುದಿಲ್ಲ.

ಹೊರಡುವ ಮುಂಚೆ, ಪತ್ರಿಕೆಯಲ್ಲಿ ಏನಾದರೂ ಹೇಳಬೇಕೇ ಎಂದು ಫುಮಿಕ ಅವರನ್ನು ಕೇಳುತ್ತೇನೆ. ಅವರು ಜೇಬಿನಲ್ಲಿ ಉಳಿದ ಒಂದು ಬಿಳಿ ಕಲ್ಲನ್ನು ತೆಗೆದು ಬಂಡೆಯ ಸಂದಿಗೆ, ನಾಳೆಗೆ, ಇಡುತ್ತಾರೆ.

"ಹೇಳೋದೇನು. ನಿನ್ನೆ ತನಕ ಒಂದು ಬಾಕಿ ಇತ್ತು, ಈಗ ಎರಡಾಯ್ತು. ಹುಲ್ಲಿನ ಮೇಲೆ ನಿಂತು ತೀರಿಸೋಕಾಗಲ್ಲ. ಅಷ್ಟು ಬರಿ, ಸಾಕು."